ಕಾರು ಕೊಡುವ ದೂರು

ಮೈಸೂರಿನ ಬಡಾವಣೆಯೊಂದರ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪವಿದು. ಮಾತಿನ ಓಘವನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಕೇಳುಗರ ಪ್ರಶ್ನೆಗಳನ್ನೂ ಹೊರಗೆ ಕಾರಿನ ಬಳಿ ನಡೆದದ್ದನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲಿಗೆ ಒಂದು ಪ್ರಶ್ನೆ. ಕಾರಿನ ಮೀಟರ್ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡದ್ದನ್ನು ನಿಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೀರಿ? ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದಿವೆ. ಆಗ ಗ್ಯಾರೇಜಿನಲ್ಲಿ ಏನು ಹೇಳಿದರು? "ಸೆನ್ಸರ್ ಹೋಗಿದೆ." ಹೌದು, ಎಲ್ಲರಿಗೂ ಅದೇ ಉತ್ತರ ಸಿಕ್ಕಿದೆ. ನನಗೂ ಅದೇ ಸಿಕ್ಕಿತ್ತು. ಆ ಉತ್ತರಕ್ಕಾಗಿ ಒಮ್ಮೆ ಹಣ ಕೊಟ್ಟ ಮೇಲೆಯೇ ನಾನು ಈ ವಿಷಯದ ಬೆನ್ನು ಹತ್ತಿದ್ದು. ಆ ಕಥೆಗೆ ಆಮೇಲೆ ಬರುತ್ತೇನೆ.

ಆ ದೀಪ ಹೊತ್ತಿದಾಗ ಕಾರಿನ ಕಂಪ್ಯೂಟರು ತನ್ನ ನೆನಪಿನಲ್ಲಿ ಐದು ಅಕ್ಷರಗಳ ಒಂದು ಕೋಡ್ ಬರೆದಿಟ್ಟಿರುತ್ತದೆ. ಅದು ನಿಮ್ಮ ಕಾರು, ಅದರಲ್ಲಿರುವ ಮಾಹಿತಿಯೂ ನಿಮ್ಮದು. ಒಂದು ಊಟದ ಖರ್ಚಿನಲ್ಲಿ ಸಿಗುವ ಪುಟ್ಟ ಅಡಾಪ್ಟರ್ ಮತ್ತು ಮೊಬೈಲ್ ಇದ್ದರೆ ಮನೆಯ ಅಂಗಳದಲ್ಲೇ ಅದನ್ನು ಓದಬಹುದು. ಓದುವುದು ಸುಲಭ. ಓದಿದ್ದನ್ನು ಅರ್ಥ ಮಾಡಿಕೊಳ್ಳುವಲ್ಲಿ ನಾವು ಎಡವುತ್ತೇವೆ. ಕೋಡ್ ಎಂದರೆ ಒಂದು ದೂರು. ಯಾರೋ ಬಂದು "ಇಲ್ಲಿ ಏನೋ ಸರಿಯಿಲ್ಲ" ಎಂದು ಬರೆಸಿ ಹೋಗಿದ್ದಾರೆ. ತನಿಖೆ ಇನ್ನೂ ನಡೆದಿಲ್ಲ. ಆದರೆ ಹಲವು ಗ್ಯಾರೇಜುಗಳಲ್ಲಿ ದೂರು ಕೊಟ್ಟವರನ್ನೇ ಹಿಡಿದು ಒಳಗೆ ಹಾಕುತ್ತಾರೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ "ಪೆಟ್ರೋಲು ಸಾಲುತ್ತಿಲ್ಲ" ಎಂದು ಹೇಳಿದರೆ ಆಕ್ಸಿಜನ್ ಸೆನ್ಸರನ್ನೇ ಬದಲಾಯಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಈ ದೀಪ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಹೇಳಬೇಕು. ಹಿನ್ನೆಲೆ ಗೊತ್ತಿಲ್ಲದಿದ್ದರೆ ದೀಪದ ಮಾತು ಅರ್ಥವಾಗುವುದಿಲ್ಲ. ಲಾಸ್ ಏಂಜಲೀಸ್ ನಗರವನ್ನು 1940ರ ದಶಕದಿಂದ ಕಂದು ಹೊಗೆ ಕವಿಯುತ್ತಿತ್ತು. ಕಾರುಗಳ ಹೊಗೆ ಬಿಸಿಲಿನಲ್ಲಿ ರಾಸಾಯನಿಕವಾಗಿ ಬದಲಾಗಿ ಆ ಮುಸುಕು ಉಂಟಾಗುತ್ತದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಹಾಗನ್-ಸ್ಮಿಟ್ ಎಂಬ ವಿಜ್ಞಾನಿ. ಮುಂದೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು. ಕಾರು ತನ್ನ ಹೊಗೆ ನಿಯಂತ್ರಣವನ್ನು ತಾನೇ ಪರೀಕ್ಷಿಸಿಕೊಂಡು ಕೆಟ್ಟಾಗ ದೀಪ ಹೊತ್ತಿಸಬೇಕು ಎಂಬ ನಿಯಮವನ್ನು 1988ರ ಮಾದರಿಯ ಕಾರುಗಳಿಂದ ತಂದದ್ದು ಆ ಮಂಡಳಿ. ಆದರೆ ಆಗ ಒಂದೊಂದು ಕಂಪನಿಗೆ ಒಂದೊಂದು ಕನೆಕ್ಟರ್, ಒಂದೊಂದು ಭಾಷೆ. 1996ರಲ್ಲಿ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಕನೆಕ್ಟರ್ ಮತ್ತು ಒಂದೇ ಬಗೆಯ ಕೋಡ್ ಕಡ್ಡಾಯವಾಯಿತು. ಒಬಿಡಿ-2 ಎಂದು ಕರೆಯುವುದು ಇದನ್ನೇ. ನಮ್ಮಲ್ಲಿ ಬಿಎಸ್-4 ಎಂಬ ಹೊಗೆ ಮಾನದಂಡದ ಕಾರುಗಳಿಗೆ 2010ರ ಏಪ್ರಿಲ್‌ನಲ್ಲಿ ಈ ವ್ಯವಸ್ಥೆಯ ಮೊದಲ ಹಂತ, 2013ರ ಏಪ್ರಿಲ್‌ನಲ್ಲಿ ಎರಡನೆಯ ಹಂತ ಬಂತು. ಹಾಗಾಗಿ 2013ರ ನಂತರದ ಕಾರು ನಿಮ್ಮಲ್ಲಿದ್ದರೆ ನಾನು ಹೇಳುವುದೆಲ್ಲ ಹೆಚ್ಚುಕಡಿಮೆ ಅನ್ವಯಿಸುತ್ತದೆ.

ಈ ಇತಿಹಾಸದಿಂದ ನಾವು ಹಿಡಿದುಕೊಳ್ಳಬೇಕಾದದ್ದು ಒಂದು ಅಂಶ. ಹಳದಿ ದೀಪ ಹುಟ್ಟಿದ್ದು ಗಾಳಿಯನ್ನು ಕಾಪಾಡುವುದಕ್ಕೆ. ಅಮೆರಿಕದ ನಿಯಮದಲ್ಲಿ ಹೊಗೆ ಮಿತಿಯ ಒಂದೂವರೆ ಪಟ್ಟು ದಾಟುವಂತಹ ದೋಷ ಕಂಡರೆ ದೀಪ ಹೊತ್ತಬೇಕು. ಆದ್ದರಿಂದ ಕಾರು ಚೆನ್ನಾಗಿಯೇ ಓಡುತ್ತಿದ್ದರೂ ಈ ದೀಪ ಬರಬಹುದು. ಬ್ರೇಕ್ ಪ್ಯಾಡ್ ಪೂರ್ತಿ ಸವೆದಿದ್ದರೂ ಇದು ಬರದಿರಬಹುದು. ಎಂಜಿನ್ ಆಯಿಲ್ ಒತ್ತಡಕ್ಕೂ ಎಂಜಿನ್ ಅತಿಯಾಗಿ ಬಿಸಿಯಾಗುವುದಕ್ಕೂ ಬೇರೆ ಕೆಂಪು ದೀಪಗಳಿವೆ. ಅವು ಬಂದರೆ ಕೋಡ್ ಓದುತ್ತಾ ಕೂರಬೇಡಿ. ಗಾಡಿಯನ್ನು ಬದಿಗೆ ಹಾಕಿ ಎಂಜಿನ್ ನಿಲ್ಲಿಸಿ. ಹಳದಿ ದೀಪ ಮಿಣುಕುತ್ತಿದ್ದರೂ ಕಾಲನ್ನು ಆಕ್ಸಿಲರೇಟರ್‌ನಿಂದ ತೆಗೆಯಿರಿ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯದೆ ಹೊರಗೆ ಹೋಗಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತಿದೆ ಎಂದು ಅದರ ಅರ್ಥ. ಒಳಗಿರುವ ಜೇನುಗೂಡಿನಂತಹ ಸೆರಾಮಿಕ್ ಕರಗಿಹೋದರೆ ಅದರ ಬೆಲೆ ಕೇಳಿ ನಿದ್ದೆ ಬಾರದು.

ಈಗ ಓದುವ ಕೆಲಸ. ಸ್ಟಿಯರಿಂಗ್ ಕೆಳಗೆ ಕೈ ಹಾಕಿದರೆ ಒಂದು ಬದಿ ಅಗಲ, ಒಂದು ಬದಿ ಕಿರಿದಾದ ಹದಿನಾರು ತೂತಿನ ಕನೆಕ್ಟರ್ ಸಿಗುತ್ತದೆ. ಕೆಲವು ಕಾರುಗಳಲ್ಲಿ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಹಿಂದೆ ಇರುತ್ತದೆ. ಅಡಾಪ್ಟರನ್ನು ಅದಕ್ಕೆ ಸಿಕ್ಕಿಸಿ, ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಮೊಬೈಲಿನ ಬ್ಲೂಟೂತ್‌ನಲ್ಲಿ ಜೋಡಿಸಿ. ಪಿನ್ ಕೇಳಿದರೆ ಸಾಮಾನ್ಯವಾಗಿ 1234 ಅಥವಾ 0000. ಐಫೋನ್ ಇರುವವರು ಕೊಳ್ಳುವಾಗಲೇ ಎಚ್ಚರ ವಹಿಸಿ. ಹಳೆಯ ಬಗೆಯ ಅಗ್ಗದ ಬ್ಲೂಟೂತ್ ಅಡಾಪ್ಟರುಗಳು ಅದರೊಂದಿಗೆ ಮಾತನಾಡುವುದಿಲ್ಲ, ವೈಫೈ ಇರುವುದು ಅಥವಾ ಐಫೋನಿಗೆ ಹೊಂದುತ್ತದೆ ಎಂದು ಬರೆದಿರುವುದೇ ಬೇಕು. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಅಡಾಪ್ಟರುಗಳು ಇಎಲ್‌ಎಂ327 ಎಂಬ ಕೆನಡಾದ ಚಿಪ್‌ನ ನಕಲುಗಳು. ತೀರಾ ಅಗ್ಗದವು ಕೆಲವು ಆದೇಶಗಳನ್ನು ನುಂಗಿಬಿಡುತ್ತವೆ, ಅರ್ಧ ಮಾಹಿತಿ ತೋರಿಸುತ್ತವೆ. ಸ್ವಲ್ಪ ಹೆಚ್ಚು ಕೊಟ್ಟು ಒಳ್ಳೆಯದನ್ನು ತೆಗೆದುಕೊಳ್ಳುವುದು ಲೇಸು. ಕೆಲಸ ಮುಗಿದ ಮೇಲೆ ಕಿತ್ತಿಡಿ. ಆ ಕನೆಕ್ಟರಿನ ಹದಿನಾರನೆಯ ಪಿನ್‌ನಲ್ಲಿ ಕೀಲಿ ತೆಗೆದರೂ ಬ್ಯಾಟರಿಯ ವಿದ್ಯುತ್ ಇರುತ್ತದೆ. ಅಡಾಪ್ಟರ್ ಅಲ್ಲೇ ಇದ್ದರೆ ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿದುಹೋಗುತ್ತದೆ.

ಪರದೆಯ ಮೇಲೆ ಪಿ0302 ಎಂದು ಬಂತೆಂದುಕೊಳ್ಳಿ. ಪಿ ಎಂದರೆ ಎಂಜಿನ್ ಮತ್ತು ಗೇರ್ ಬಾಕ್ಸ್ ಕಡೆಯ ದೂರು. ಬಿ ಬಂದರೆ ಬಾಡಿ, ಸಿ ಬಂದರೆ ಬ್ರೇಕ್ ಮತ್ತು ಚಾಸಿ, ಯು ಬಂದರೆ ಕಂಪ್ಯೂಟರುಗಳ ನಡುವಿನ ಮಾತುಕತೆ ಕೆಟ್ಟಿದೆ. ಎರಡನೆಯ ಸ್ಥಾನದ ಸೊನ್ನೆ ಎಲ್ಲ ಕಂಪನಿಗಳಿಗೂ ಸಮಾನವಾದ ಕೋಡ್. ಅಲ್ಲಿ 1 ಇದ್ದರೆ ಆ ಕಂಪನಿಯದೇ ಸ್ವಂತ ಕೋಡ್, ಬೇರೆ ಕಾರಿನ ಅರ್ಥವನ್ನು ಅದಕ್ಕೆ ಅಂಟಿಸಬೇಡಿ. ಮೂರನೆಯ ಸ್ಥಾನದ 3 ಎಂದರೆ ಕಿಡಿ ಹಾಗೂ ಮಿಸ್‌ಫೈರ್ ವಿಭಾಗ. ಕೊನೆಯ ಎರಡು ಅಂಕಿಗಳು ಎರಡನೆಯ ಸಿಲಿಂಡರನ್ನು ತೋರಿಸುತ್ತಿವೆ. ನಮ್ಮ ಮೆಕ್ಯಾನಿಕ್‌ಗಳು "ಮಿಸ್ಸಿಂಗ್ ಹೊಡೆಯುತ್ತಿದೆ" ಎನ್ನುವುದನ್ನೇ ಕಾರು ಹೀಗೆ ಬರೆದಿದೆ, ಜೊತೆಗೆ ಎಲ್ಲಿ ಎಂಬುದನ್ನೂ ಹೇಳಿದೆ. ಏಕೆ ಎಂಬುದನ್ನು ಮಾತ್ರ ಹೇಳಿಲ್ಲ. ಸ್ಪಾರ್ಕ್ ಪ್ಲಗ್ ಇರಬಹುದು, ಪ್ಲಗ್‌ಗೆ ವಿದ್ಯುತ್ ಕೊಡುವ ಕಾಯಿಲ್ ಇರಬಹುದು, ಪೆಟ್ರೋಲು ಸಿಂಪಡಿಸುವ ಇಂಜೆಕ್ಟರ್ ಇರಬಹುದು, ವಾಲ್ವ್ ಸುಟ್ಟು ಕಂಪ್ರೆಷನ್ ಇಳಿದಿರಲೂಬಹುದು.

ಕೋಡಿನ ವಿವರಣೆಯಲ್ಲಿ ಬರುವ ಪದಗಳನ್ನು ಬಿಡಿಬಿಡಿಯಾಗಿ ನೋಡಬೇಕು. ನನ್ನ ಕಥೆ ಬರುವುದು ಇಲ್ಲಿಯೇ. ಒಂದು ಮಳೆಗಾಲದಲ್ಲಿ ಎರಡು ವಾರ ಊರಿಗೆ ಹೋಗಿದ್ದೆವು, ಕಾರು ಮನೆಯ ಮುಂದೆಯೇ ನಿಂತಿತ್ತು. ಹಿಂದಿರುಗಿ ಬಂದು ಚಾಲೂ ಮಾಡಿದರೆ ದೀಪ. ಗ್ಯಾರೇಜಿನವರು ಸ್ಕ್ಯಾನ್ ಹಾಕಿ ಪಿ0113 ಎಂದರು, ಎಂಜಿನಿಗೆ ಒಳಬರುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಬದಲಾಯಿಸಿದರು. ಮರುದಿನವೇ ದೀಪ ಮತ್ತೆ ಹೊತ್ತಿತು. "ಹಾಗಾದರೆ ಕಂಪ್ಯೂಟರೇ ಹೋಗಿರಬೇಕು" ಎಂದರು. ಅಷ್ಟು ಹೊತ್ತಿಗೆ ನನಗೆ ಅನುಮಾನ ಬಂದಿತ್ತು.

ಆ ಕೋಡಿನ ವಿವರಣೆ ಹೀಗಿದೆ: ಇಂಟೇಕ್ ಏರ್ ಟೆಂಪರೇಚರ್ ಸರ್ಕ್ಯೂಟ್ ಹೈ. "ಹೈ" ಎಂದ ಕೂಡಲೇ ಉಷ್ಣತೆ ಹೆಚ್ಚಾಗಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಅಲ್ಲಿ ಹೆಚ್ಚಾಗಿರುವುದು ವೋಲ್ಟೇಜ್. ಈ ಸೆನ್ಸರ್ ಒಂದು ಪುಟ್ಟ ಪ್ರತಿರೋಧಕ. ತಂಪಾದಷ್ಟೂ ಅದರ ಪ್ರತಿರೋಧ ಏರುತ್ತದೆ, ಬಿಸಿಯಾದಷ್ಟೂ ಇಳಿಯುತ್ತದೆ. ಕಂಪ್ಯೂಟರು ಅದರತ್ತ ಐದು ವೋಲ್ಟ್ ಕಳಿಸಿ ಎಷ್ಟು ಉಳಿಯಿತು ಎಂದು ನೋಡುತ್ತದೆ. ಸೆನ್ಸರ್ ಬಿಸಿಯಿದ್ದರೆ ಸ್ವಲ್ಪವೇ ಉಳಿಯುತ್ತದೆ, ತಂಪಿದ್ದರೆ ಹೆಚ್ಚು ಉಳಿಯುತ್ತದೆ. ತಂತಿಯೇ ತುಂಡಾಗಿದ್ದರೆ? ಐದಕ್ಕೆ ಐದೂ ಉಳಿಯುತ್ತದೆ. ಆಗ ಕಂಪ್ಯೂಟರು ತನಗೆ ಗೊತ್ತಿರುವ ಅತಿ ಚಳಿಯ ಅಂಕಿಯನ್ನು ತೋರಿಸುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು ಸೊನ್ನೆಗಿಂತ ಕೆಳಗೆ 40 ಡಿಗ್ರಿ. ಹಾಗೆಯೇ ವಿವರಣೆಯಲ್ಲಿ "ಸೆನ್ಸರ್" ಎಂಬ ಪದದ ಬದಲು "ಸರ್ಕ್ಯೂಟ್" ಇದ್ದುದನ್ನೂ ಗಮನಿಸಿ. ಸೆನ್ಸರ್, ಕನೆಕ್ಟರ್, ಎರಡು ತಂತಿ, ಕಂಪ್ಯೂಟರಿನ ಪಿನ್ ಎಲ್ಲವೂ ಸೇರಿದ ದಾರಿಯದು.

ಅಡಾಪ್ಟರ್ ತರಿಸಿ ಮೊಬೈಲಿನಲ್ಲಿ ಲೈವ್ ಡೇಟಾ, ಎಂದರೆ ಸೆನ್ಸರುಗಳು ಆ ಕ್ಷಣ ಹೇಳುತ್ತಿರುವ ಅಂಕಿಗಳನ್ನು ತೆರೆದೆ. ಜುಲೈ ತಿಂಗಳ ಮೈಸೂರಿನಲ್ಲಿ ನನ್ನ ಕಾರಿನ ಎಂಜಿನಿಗೆ ಬರುವ ಗಾಳಿ ಮೈನಸ್ 40 ಡಿಗ್ರಿ ಎಂದು ತೋರಿಸುತ್ತಿತ್ತು. ಏರ್ ಫಿಲ್ಟರ್ ಪೆಟ್ಟಿಗೆಯ ಮೇಲಿದ್ದ ಹೊಸ ಸೆನ್ಸರಿನ ಕನೆಕ್ಟರ್ ಕಳಚಿ, ಅದರ ಎರಡು ಪಿನ್‌ಗಳನ್ನು ಸಣ್ಣ ತಂತಿಯ ತುಂಡಿನಿಂದ ಜೋಡಿಸಿದೆ. ತಂತಿಗಳು ಸರಿಯಿದ್ದಿದ್ದರೆ ಅಂಕಿ ಒಮ್ಮೆಗೇ ನೂರು ಡಿಗ್ರಿ ದಾಟಿ ಮೇಲೆ ಹಾರಬೇಕಿತ್ತು. ಅದು ಕದಲಲಿಲ್ಲ, ಮೈನಸ್ 40ರಲ್ಲೇ ಕುಳಿತಿತ್ತು. ಎಂದರೆ ಕನೆಕ್ಟರಿಗೂ ಕಂಪ್ಯೂಟರಿಗೂ ನಡುವೆ ದಾರಿ ತುಂಡಾಗಿದೆ. ತಂತಿಯ ಜಾಡು ಹಿಡಿದು ಬೆರಳಾಡಿಸುತ್ತಾ ಹೋದೆ. ಬ್ಯಾಟರಿ ತಟ್ಟೆಯ ಹಿಂದೆ ತೆಂಗಿನ ನಾರು, ಕಡಲೆಕಾಯಿ ಸಿಪ್ಪೆ, ಹರಿದ ಬಟ್ಟೆಯ ಚೂರು ಸೇರಿಸಿ ಇಲಿಯೊಂದು ಅಚ್ಚುಕಟ್ಟಾಗಿ ಗೂಡು ಕಟ್ಟಿತ್ತು. ಅದರ ಪಕ್ಕದಲ್ಲೇ ಒಂದು ತಂತಿ ಹಲ್ಲಿನ ಗುರುತಿನೊಂದಿಗೆ ತುಂಡಾಗಿ ನಿಂತಿತ್ತು. ಬೆಸುಗೆ ಹಾಕಿ, ತಂತಿಯ ಮೇಲೆ ರಕ್ಷಣೆಯ ಕೊಳವೆ ತೊಡಿಸಿ, ಮತ್ತೆ ನೋಡಿದೆ: 27 ಡಿಗ್ರಿ. ಆ ಕ್ಷಣದ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ. ಈ ತಂತಿ ಜೋಡಿಸುವ ಪರೀಕ್ಷೆ ಎರಡೇ ತಂತಿಯ ಉಷ್ಣತಾ ಸೆನ್ಸರಿಗೆ ಮಾತ್ರ. ಮೂರು, ನಾಲ್ಕು ತಂತಿಯ ಸೆನ್ಸರುಗಳಲ್ಲಿ ಹೀಗೆ ಮಾಡಲು ಹೋಗಬೇಡಿ.

ಅಂದಿನಿಂದ ಒಂದು ಅಭ್ಯಾಸ ಬೆಳೆಸಿಕೊಂಡಿದ್ದೇನೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ಎಂಜಿನನ್ನು ತಂಪಾಗಿಸುವ ಕೂಲೆಂಟ್ ದ್ರವದ ಉಷ್ಣತೆ, ಒಳಬರುವ ಗಾಳಿಯ ಉಷ್ಣತೆ ಎರಡನ್ನೂ ನೋಡುತ್ತೇನೆ. ಎರಡೂ ಹೊರಗಿನ ಹವೆಗೆ ಹತ್ತಿರ ಇರಬೇಕು. ಒಂದು 24 ತೋರಿಸಿ ಇನ್ನೊಂದು 41 ತೋರಿಸಿದರೆ ಆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ಕೋಡ್ ಬರುವ ಮುಂಚೆಯೇ ಸಿಕ್ಕಿಬೀಳುತ್ತದೆ.

ಇನ್ನು ಪಿ0171. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂಬ ದೂರು. ಕೊಟ್ಟಿದ್ದು ಆಕ್ಸಿಜನ್ ಸೆನ್ಸರಿನ ಮಾತಿನ ಮೇಲೆ. ಇಲ್ಲಿ ನಿಮಗೆ ಎರಡು ಸಾಕ್ಷಿಗಳಿವೆ. ಮೊದಲನೆಯದು ಫ್ರೀಜ್ ಫ್ರೇಮ್, ಎಂದರೆ ದೂರು ದಾಖಲಾದ ಕ್ಷಣದಲ್ಲಿ ಕಂಪ್ಯೂಟರು ತೆಗೆದಿಟ್ಟ ಚಿತ್ರ: ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ಕಾರು ಎಷ್ಟು ವೇಗದಲ್ಲಿತ್ತು, ಎಷ್ಟು ಬಿಸಿಯಾಗಿತ್ತು. ಎರಡನೆಯದು ಫ್ಯುಯಲ್ ಟ್ರಿಮ್. ಕಂಪ್ಯೂಟರು ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಪೆಟ್ರೋಲು ಬೆರೆಸಿ ಸರಿದೂಗಿಸುತ್ತಿದೆ ಎಂಬ ಅಂಕಿಯಿದು. ಹತ್ತರ ಒಳಗಿದ್ದರೆ ಚಿಂತೆ ಬೇಡ. ಐಡ್ಲಿಂಗ್‌ನಲ್ಲಿ, ಎಂದರೆ ಕಾರು ನಿಂತಲ್ಲೇ ಎಂಜಿನ್ ಮಾತ್ರ ಓಡುವಾಗ 22 ಇದ್ದು, ಎಂಜಿನನ್ನು 2500 ಸುತ್ತಿಗೆ ಏರಿಸಿದಾಗ 6ಕ್ಕೆ ಇಳಿದರೆ ಎಲ್ಲೋ ರಬ್ಬರ್ ಕೊಳವೆ ಬಿರಿದು ಗಾಳಿ ಕಳ್ಳದಾರಿಯಲ್ಲಿ ಒಳನುಗ್ಗುತ್ತಿದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವುದೇ ಸ್ವಲ್ಪ ಗಾಳಿ, ಕಳ್ಳಗಾಳಿಯ ಪಾಲು ಅಲ್ಲಿ ದೊಡ್ಡದಾಗುತ್ತದೆ. ಹೆಚ್ಚು ಸುತ್ತಿನಲ್ಲಿ ಅದೇ ತೂತು ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ತಿರುವುಮುರುವಾಗಿ, ಐಡ್ಲಿಂಗ್‌ನಲ್ಲಿ ಸರಿಯಿದ್ದು ದಿಬ್ಬ ಹತ್ತುವಾಗ ಏರಿದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಕಡೆ ನೋಡಬೇಕು. ಗಾಳಿಯ ಪ್ರಮಾಣವನ್ನು ನೇರವಾಗಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಈ ಪರೀಕ್ಷೆ ಸ್ಪಷ್ಟವಾಗಿ ಉತ್ತರ ಕೊಡುತ್ತದೆ. ನಮ್ಮ ಅನೇಕ ಸಣ್ಣ ಕಾರುಗಳು ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮೇಲೆ ನಡೆಯುತ್ತವೆ. ಅವುಗಳಲ್ಲಿ ಕಳ್ಳಗಾಳಿಯೂ ಲೆಕ್ಕಕ್ಕೆ ಸೇರುವುದರಿಂದ ಟ್ರಿಮ್ ಅಷ್ಟಾಗಿ ಏರದೆ ಐಡ್ಲಿಂಗ್ ವೇಗವೇ ಏರಿಬಿಡಬಹುದು.

ಈ ಟ್ರಿಮ್ ವಿಷಯದಲ್ಲಿ ಈಗ ಇನ್ನೊಂದು ಮಾತು ಸೇರಿಕೊಂಡಿದೆ, ಎಥನಾಲ್. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಶೇಕಡಾ 20 ಎಥನಾಲ್ ಬೆರೆತರೆ ಸುಮಾರು 13.5 ಸಾಕು, ಏಕೆಂದರೆ ಎಥನಾಲ್ ತನ್ನೊಳಗೇ ಸ್ವಲ್ಪ ಆಮ್ಲಜನಕ ಹೊತ್ತು ತರುತ್ತದೆ. ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ಕಾರಿಗೆ 20ರದನ್ನು ಹಾಕಿದಾಗ ಟ್ರಿಮ್ ನಾಲ್ಕೈದು ಶೇಕಡಾ ಮೇಲೇರುವುದು ಸಹಜ, ಅದು ದೋಷವಲ್ಲ. ಆದರೆ ಮೊದಲೇ ಒಂದು ಸಣ್ಣ ಬಿರುಕು ಇದ್ದು ಟ್ರಿಮ್ ಅಂಚಿನಲ್ಲಿದ್ದರೆ ಈ ನಾಲ್ಕೈದು ಸೇರಿ ದೀಪ ಹೊತ್ತಬಹುದು. ಆಗ ಬೈಗುಳ ಪೆಟ್ರೋಲಿಗೆ, ಬಿರುಕು ಬಿರುಕಾಗಿಯೇ ಉಳಿಯುತ್ತದೆ.

ಪಿ0420ರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ದೂರು ಇದು. ಕೊಳ್ಳಲು ಓಡಬೇಡಿ. ಕನ್ವರ್ಟರಿಗೆ ಮೊದಲು ಇರುವ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ 0.1ರಿಂದ 0.9ರ ನಡುವೆ ತೂಗಾಡುತ್ತಿರಬೇಕು, ಅದರ ನಂತರ ಇರುವುದು 0.6, 0.7ರ ಆಸುಪಾಸಿನಲ್ಲಿ ನೆಮ್ಮದಿಯಾಗಿ ನಿಂತಿರಬೇಕು. ಎರಡೂ ಒಂದೇ ತಾಳದಲ್ಲಿ ಕುಣಿಯುತ್ತಿದ್ದರೆ ಕನ್ವರ್ಟರ್ ಮೇಲೆ ಅನುಮಾನ ಪಡಿ. ಅದಕ್ಕೂ ಮೊದಲು ಹೊಗೆ ಕೊಳವೆಯ ಜೋಡಣೆಯಲ್ಲಿ ಸೋರಿಕೆ ಇದೆಯೇ ಎಂದು ನೋಡಿ.

ಕೊನೆಯದಾಗಿ, ಅಳಿಸುವ ಗುಂಡಿ. ಆ್ಯಪ್‌ನಲ್ಲಿ ಅದು ಎದುರಿಗೇ ಇರುತ್ತದೆ, ಒತ್ತುವ ಆಸೆಯೂ ಆಗುತ್ತದೆ. ಒತ್ತಿದರೆ ಕೋಡಿನ ಜೊತೆ ಫ್ರೀಜ್ ಫ್ರೇಮ್ ಅಳಿಯುತ್ತದೆ, ಕಾರು ತನ್ನನ್ನು ತಾನು ಪರೀಕ್ಷಿಸಿಕೊಂಡ ದಾಖಲೆಯೆಲ್ಲ ಅಳಿಯುತ್ತದೆ. ಸಾಕ್ಷಿ ನಾಶವಾದ ಮೇಲೆ ಒಳ್ಳೆಯ ಮೆಕ್ಯಾನಿಕ್ ಸಿಕ್ಕರೂ ಅವರ ಕೈಗೆ ಏನೂ ಸಿಗುವುದಿಲ್ಲ. ಮೊದಲು ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಗ್ಯಾರೇಜಿಗೆ ಕೊಡುವಾಗಲೂ "ಕೋಡ್ ಬರೆದುಕೊಂಡ ಮೇಲೆ ಅಳಿಸಿ" ಎಂದು ಕೇಳಿಕೊಳ್ಳಿ. ದೋಷ ನಿಜವಾಗಿ ಸರಿಹೋಗಿದ್ದರೆ ನೀವು ಅಳಿಸದಿದ್ದರೂ ಸತತ ಮೂರು ಓಟಗಳಲ್ಲಿ ಅದು ಮರುಕಳಿಸದಿದ್ದಾಗ ದೀಪ ತಾನಾಗಿಯೇ ಆರುತ್ತದೆ. ಏರ್‌ಬ್ಯಾಗ್‌ಗೆ ಸಂಬಂಧಿಸಿದ ಬಿ ಕೋಡ್ ಬಂದರೆ ಓದಿ ಬರೆದುಕೊಳ್ಳಿ, ಅಷ್ಟೇ. ಅದರ ಹಳದಿ ಕನೆಕ್ಟರುಗಳನ್ನೂ ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳನ್ನೂ ಮನೆಯಲ್ಲಿ ಮುಟ್ಟುವಂತಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಹಿರಿಯರೊಬ್ಬರು ಎದ್ದು, "ಬ್ಯಾಟರಿ ತಂತಿ ಕಳಚಿ ಹಾಕಿದರೆ ದೀಪ ಹೋಗುತ್ತದೆ ಎನ್ನುತ್ತಾರಲ್ಲ, ಅದು ಸರಿಯೇ?" ಎಂದು ಕೇಳಿದರು. ಅನೇಕ ಕಾರುಗಳಲ್ಲಿ ಹೋಗುತ್ತದೆ ಸರ್, ಆದರೆ ಅದೂ ಅಳಿಸಿದಂತೆಯೇ. ಎಂಜಿನ್ ತಿಂಗಳುಗಟ್ಟಲೆ ಕಲಿತುಕೊಂಡ ಟ್ರಿಮ್ ಲೆಕ್ಕವೂ ಅದರ ಜೊತೆ ಹೋಗುತ್ತದೆ, ಕೆಲವು ದಿನ ಐಡ್ಲಿಂಗ್ ಸರಿಯಾಗಿ ನಿಲ್ಲದಿರಬಹುದು.

ಇನ್ನೊಬ್ಬರದು ಬಿಎಸ್-6 ಡೀಸೆಲ್ ಕಾರು. ಮನೆಯಿಂದ ಶಾಲೆ, ಶಾಲೆಯಿಂದ ಮನೆ, ದಿನಕ್ಕೆ ಎಂಟು ಕಿಲೋಮೀಟರ್. ಪಿ2463 ಬಂದಿದೆಯಂತೆ. ಅಮ್ಮಾ, ಅದು ಡೀಸೆಲ್ ಹೊಗೆಯ ಮಸಿ ಹಿಡಿಯುವ ಸೋಸಕವಾದ ಡಿಪಿಎಫ್‌ನಲ್ಲಿ ಮಸಿ ಕಟ್ಟಿಕೊಂಡ ದೂರು. ಆ ಮಸಿ ಉರಿದುಹೋಗಬೇಕಾದರೆ ಹೊಗೆ ಕೊಳವೆ ಸುಮಾರು 600 ಡಿಗ್ರಿ ಮುಟ್ಟಬೇಕು, ನಾಲ್ಕು ಕಿಲೋಮೀಟರ್ ಓಟದಲ್ಲಿ ಅದು ಆಗುವುದಿಲ್ಲ. ವಾರಕ್ಕೊಮ್ಮೆ ಬೆಂಗಳೂರು ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಬನ್ನಿ. ಅದಕ್ಕೂ ಮೊದಲು ಎಂಜಿನ್ ಆಯಿಲ್ ಮಟ್ಟ ನೋಡಿ. ಅದು ಗುರುತಿಗಿಂತ ಮೇಲೇರಿದ್ದರೆ ಮಸಿ ಸುಡಲು ಹೊರಟು ಅರ್ಧಕ್ಕೆ ನಿಂತ ಪ್ರಯತ್ನಗಳಲ್ಲಿ ಡೀಸೆಲ್ ಇಳಿದು ಆಯಿಲ್‌ಗೆ ಸೇರಿದೆ ಎಂದರ್ಥ. ಆಗ ಹೆದ್ದಾರಿಗೆ ಹೋಗುವ ಬದಲು ಆಯಿಲ್ ಬದಲಾಯಿಸಲು ಹೋಗಿ.

ಮಾತು ಮುಗಿದ ಮೇಲೆ ಐದಾರು ಮಂದಿ ಹೊರಗೆ ಬಂದರು. ಅವರಲ್ಲಿ ಒಬ್ಬರ ಪೆಟ್ರೋಲ್ ಕಾರು ಮೂರು ದಿನದಿಂದ ಮಿಸ್ಸಿಂಗ್ ಹೊಡೆಯುತ್ತಿತ್ತು. ಸ್ಕ್ಯಾನ್ ಹಾಕಿದರೆ ನಾನು ಉದಾಹರಣೆಗೆ ಹೇಳಿದ್ದ ಪಿ0302 ಅಲ್ಲೇ ಇತ್ತು. ಚಿತ್ರ ತೆಗೆದುಕೊಂಡೆವು. ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಬಾನೆಟ್ ಎತ್ತಿದೆವು. ನಾಲ್ಕು ಪ್ಲಗ್‌ಗಳ ಮೇಲೆ ನಾಲ್ಕು ಕಾಯಿಲ್, ಒಂದೊಂದಕ್ಕೂ ಹತ್ತರ ಸ್ಪ್ಯಾನರಿನ ಒಂದು ಬೋಲ್ಟ್. ಎರಡನೆಯ ಸಿಲಿಂಡರಿನ ಕಾಯಿಲ್ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಮೂರನೆಯದಕ್ಕೆ ಕೂರಿಸಿ, ಅಲ್ಲಿದ್ದುದನ್ನು ಎರಡನೆಯದಕ್ಕೆ ತಂದೆವು. ಬೇರೇನನ್ನೂ ಮುಟ್ಟಲಿಲ್ಲ. ಎರಡು ಮೂರು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯದೆ ಹೋಗುತ್ತದೆ. ಕೋಡ್ ಅಳಿಸಿ ಎಂಜಿನ್ ಚಾಲೂ ಮಾಡಿದೆವು. ನಡುಕ ಹಾಗೆಯೇ ಇತ್ತು. ಎಲ್ಲರೂ ಮೊಬೈಲಿನ ಪರದೆಯನ್ನೇ ನೋಡುತ್ತಾ ನಿಂತರು. ಸುಮಾರು ಹತ್ತು ನಿಮಿಷದ ಮೇಲೆ ಬಾಕಿ ಕೋಡುಗಳ, ಎಂದರೆ ಇನ್ನೂ ದೀಪ ಹೊತ್ತಿಸದ ದೂರುಗಳ ಪಟ್ಟಿಯಲ್ಲಿ ಒಂದು ಸಾಲು ಮೂಡಿತು: ಪಿ0303. ದೋಷ ಕಾಯಿಲ್ ಜೊತೆಗೇ ಹೋಗಿತ್ತು. ಕಾರಿನ ಒಡತಿ ಆ ಸೀಮೆಸುಣ್ಣದ ಗುರುತಿನ ಪಕ್ಕದಲ್ಲಿದ್ದ ಬಿಡಿಭಾಗದ ಸಂಖ್ಯೆಯ ಚಿತ್ರ ತೆಗೆದುಕೊಂಡು, ಭಾನುವಾರ ತೆರೆದಿರುವ ಸ್ಪೇರ್ ಪಾರ್ಟ್ಸ್ ಅಂಗಡಿ ಎಲ್ಲಿದೆ ಎಂದು ಪಕ್ಕದವರನ್ನು ಕೇಳುತ್ತಿದ್ದರು.